ದುಕ್ತೂರಾ ವಿಜ್ದಾನ್ ಕಾಯುವ ಹೊತ್ತು

ಜೋರ್ಡಾನಿನ ಇರ್ಬಿದ್‌ನಲ್ಲಿ, ನಾನು ಓದಿದ ವಿಶ್ವವಿದ್ಯಾಲಯದಲ್ಲೇ, ಮುಂದೆ ಮೇಷ್ಟರಾಗುವವರಿಗೆ ಆನ್‌ಲೈನ್ ಪಾಠ ಕಟ್ಟುವುದು ನನ್ನ ಮತ್ತು ಗಸ್ಸಾನನ ಕೆಲಸ. ಈ ಸಲ, ನಾವೆಲ್ಲ ದುಕ್ತೂರಾ, ಅಂದರೆ ಡಾಕ್ಟರ್, ಎಂದು ಕರೆಯುವ ನಮ್ಮ ಹಿರಿಯ ಪ್ರಾಧ್ಯಾಪಕಿ ವಿಜ್ದಾನ್ ಅವರ ಪಾಠ: ಮಕ್ಕಳಿಗೆ ಪ್ರಶ್ನೆ ಕೇಳುವ ಬಗೆ. ವಿದ್ಯಾರ್ಥಿಗಳ ಮುಂದಿಟ್ಟು ನೋಡಿದಾಗ ಅದು ಅವರನ್ನು ತಲುಪದಿದ್ದರೆ ವಿಶ್ವವಿದ್ಯಾಲಯದ ಸಮಿತಿ ಒಪ್ಪುವುದಿಲ್ಲ. ಬೇಸಿಗೆಗೆ ಅವರು ನಿವೃತ್ತರು. ಒಪ್ಪಿಗೆ ಸಿಗದಿದ್ದರೆ ಪಾಠವೂ ಅವರೊಂದಿಗೇ ಹೋಗುತ್ತದೆ.

ಪಾಠ ನೋಡಲು ಮೊದಲು ಬಂದ ವಿದ್ಯಾರ್ಥಿನಿ ಬತೂಲ್. ಪಕ್ಕದಲ್ಲಿ ಕೂತು ಗಮನಿಸುವ ನಾವು ಬಾಯಿ ಬಿಡುವಂತಿಲ್ಲ, ಅದು ನಿಯಮ. ಪರದೆಯ ಮೇಲೆ ದುಕ್ತೂರಾ ಕೇಳಿದರು: "ಮಗು ಉತ್ತರ ಕೊಡ್ಲಿಲ್ಲ ಅಂದ್ರೆ ಏನ್ ಮಾಡ್ತೀರಿ?" ಮರುಕ್ಷಣವೇ ಉತ್ತರವನ್ನೂ ಅವರೇ ಹೇಳಿದರು.

ಬತೂಲ್ ನಕ್ಕಳು. "ನಮ್ಮತ್ತೆ ಥರಾನೇ. ಊಟ ಆಯ್ತೇನೇ ಅಂತಾರೆ, ನಾನು ಬಾಯಿ ತೆಗೆಯೋದ್ರೊಳಗೆ ತಟ್ಟೆ ತುಂಬಿರುತ್ತೆ."

ಸಂಜೆ ಇದನ್ನು ಕೇಳಿದ ದುಕ್ತೂರಾ ಗಸ್ಸಾನನತ್ತ ತಿರುಗಿದರು. "ಪ್ರಶ್ನೆ ಕೇಳಿ ನಾನು ಕಾದಿದ್ದೆನಲ್ಲಪ್ಪಾ, ಅದೆಲ್ಲಿ?"

"ಕತ್ತರಿಸಿದೆ ದುಕ್ತೂರಾ. ಎಲ್ಲಾ ಪಾಠದಲ್ಲೂ ಮೌನ ತೆಗೀತೀವಿ. ಇಲ್ಲಾಂದ್ರೆ ಹುಡುಗ್ರು ಫೋನ್ ಎತ್ಕೋತಾರೆ."

"ಅಯ್ಯೋ ಕಂದಾ, ಪಾಠ ಇದ್ದಿದ್ದೇ ಅಲ್ಲಿ!"

ಮೌನವನ್ನು ಮರಳಿ ಸೇರಿಸಿದೆವು. ನನಗೆ ಒಳಗೊಳಗೇ ಸಮಾಧಾನ. ಆದರೆ ಮರುದಿನ ಬಂದ ಹುಡುಗ, ಪ್ರಶ್ನೆ ಮುಗಿದೊಡನೆ "ಥೂ, ನೆಟ್ ಹೋಯ್ತು" ಎಂದು ಪಾಠವನ್ನು ಮೊದಲಿನಿಂದ ಹಚ್ಚಿದ. ಮತ್ತೆ ಅಲ್ಲಿಗೇ ಬಂದ, ಮತ್ತೆ ಬೈದ. ತಪ್ಪು ಅವನದಲ್ಲ. ಕಾಯುವಾಗ ದುಕ್ತೂರಾ ಕಲ್ಲಿನಂತೆ ನಿಲ್ಲುತ್ತಾರೆ. ತರಗತಿಯಲ್ಲಿ ಆ ನಿಲುವು ನಮ್ಮೊಳಗೆ ಯೋಚನೆ ಹುಟ್ಟಿಸುತ್ತಿತ್ತು. ಪರದೆಯಲ್ಲಿ ಅದು ಕೆಟ್ಟುನಿಂತ ಚಿತ್ರ.

"ಹಾಗಾದ್ರೆ ಏನ್ ಮಾಡ್ಲಿ, ಕುಣೀಲಾ?" ಎಂದರು ಸಂಜೆ ಇದನ್ನು ಕೇಳಿದ ದುಕ್ತೂರಾ.

"ಚಹಾ ಕುಡೀರಿ," ಎಂದೆ.

"ಪಾಠದ ಮಧ್ಯೆನಾ?" ಗಸ್ಸಾನ್ ತಲೆ ಹಿಡಿದುಕೊಂಡ. "ಸಮಿತಿಯವ್ರು ನಮ್ಮನ್ನೇ ಕುಡಿದುಬಿಡ್ತಾರೆ."

ಆ ಭಾಗವನ್ನು ಹೊಸದಾಗಿ ಚಿತ್ರೀಕರಿಸಿದೆವು. ಪ್ರಶ್ನೆ ಕೇಳಿ ದುಕ್ತೂರಾ ಮರಮಿಯ್ಯಾ ಎಂಬ ಘಮಘಮಿಸುವ ಸೊಪ್ಪಿನ ಎಲೆ ಹಾಕಿದ ಚಹಾದ ಲೋಟ ಎತ್ತಿದರು, ಊದಿದರು, ಎದುರಿಗೆ ಯಾರೋ ಕೂತಿರುವಂತೆ ನೋಡುತ್ತ ಗುಟುಕರಿಸಿದರು.

ಕೊನೆಗೆ ಬಂದ ರೀಮಾ ಅದನ್ನು ನೋಡುತ್ತ ಮೌಸ್ ಮೇಲಿನ ಕೈ ತೆಗೆದಳು. ಹೊತ್ತು ಹೋಯಿತು. ಗಸ್ಸಾನ್ ಕುರ್ಚಿಯಲ್ಲೇ ಮಿಸುಕಾಡಿದ.

"ಪ್ರಶ್ನೆನ ಚಿಕ್ಕದು ಮಾಡಿ ಕೇಳ್ತೀನಿ," ಎಂದಳು ಅವಳು, ಪರದೆಗೆ. ಆಮೇಲೆ ಅಲ್ಲವೆಂದು ತಲೆಯಾಡಿಸಿದಳು. "ಉಹೂಂ. ಮೊದ್ಲು ಸ್ವಲ್ಪ ಸುಮ್ನಿರ್ತೀನಿ."

ಸಮಿತಿ ಪಾಠವನ್ನು ಒಪ್ಪಿತು. ಚಹಾದ ಜಾಗ ಬಂದಾಗಲೆಲ್ಲ ಕತ್ತರಿಸಲು ಕೈ ತುರಿಸುತ್ತದೆ ಎಂದು ಗಸ್ಸಾನ್ ಈಗಲೂ ಗೊಣಗುತ್ತಾನೆ.