ಸಿಸಿಲಿಯಾ ಟೀಚರ್ ಆರಿಸಿದ ಗ್ರೈಂಡರ್

ನಾನು ಗಾಜಿನ ಅಂಚು ಉಜ್ಜುವ ಒಂದು ಪುಟ್ಟ ಗ್ರೈಂಡರ್. ಗ್ರೈಂಡರ್ ಎಂದೊಡನೆ ನಿಮಗೆ ದೋಸೆ ಹಿಟ್ಟು ನೆನಪಾದರೆ ನನಗೇನೂ ಬೇಸರವಿಲ್ಲ, ಅಂಗಡಿಗೆ ಬಂದವರಲ್ಲಿ ಅರ್ಧ ಜನಕ್ಕೆ ಹಾಗೇ ಆಗುತ್ತಿತ್ತು. ನನ್ನ ಹೊಟ್ಟೆಯಲ್ಲಿ ಮೋಟಾರು, ತಲೆಯ ಮೇಲೆ ತೂತು ತೂತಿನ ಹಲಗೆ, ಅದರ ನಡುವೆ ವಜ್ರದ ಪುಡಿ ಅಂಟಿಸಿದ ಹೆಬ್ಬೆರಳು ಗಾತ್ರದ ಉರುಳೆ. ಉರುಳೆಯ ಬೆನ್ನಿಗೆ ಒದ್ದೆ ಸ್ಪಂಜು. ಬಣ್ಣದ ಗಾಜನ್ನು ಕತ್ತರಿಸಿ ನನಗೆ ತಾಗಿಸಿದರೆ ಚೂಪು ಸವೆದು ಬೇಕಾದ ಆಕಾರ ಬರುತ್ತದೆ.

ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ನಾನು ಬಹಳ ಕಾಲ ಕೂತಿದ್ದೆ. ಪಕ್ಕದಲ್ಲಿ ನನ್ನ ಎರಡರಷ್ಟಿದ್ದ ಇನ್ನೊಬ್ಬ. ಎಲ್ಲರ ಕಣ್ಣೂ ಅವನ ಮೇಲೆ.

ಒಂದು ಬೆಳಿಗ್ಗೆ ಸಿಸಿಲಿಯಾ ಮಿನೇಜಸ್ ಬಂದರು. ಡ್ರಾಯಿಂಗ್ ಟೀಚರಾಗಿ ನಿವೃತ್ತರಾದವರು. ಜೊತೆಗೆ ಅವರ ಹಳೇ ವಿದ್ಯಾರ್ಥಿನಿ, ಮನೆಯಲ್ಲೇ ಹೊಲಿಗೆ ಮಾಡುವ ಮೈಮುನಾ. ಟೀಚರ ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಬಣ್ಣದ ಗಾಜಿನ ಹಳೆಯ ಕಿಟಕಿಯೊಂದಿತ್ತು. ಬಿರುಗಾಳಿಗೆ ಸಿಕ್ಕಿದ ದೋಣಿ, ಅದರಲ್ಲಿ ಕೆಂಪು ಮೇಲಂಗಿ ತೊಟ್ಟ ಯೇಸುವಿನ ಶಿಷ್ಯ ಪೇತ್ರ. ಮರದ ಕೊಂಬೆ ಬಡಿದು ಆ ಕಿಟಕಿ ಒಡೆದಿತ್ತು. ಬರೀ ಗಾಜು ಹಾಕಿಸಿ ಮೇಲೆ ಚಿತ್ರದ ಸ್ಟಿಕ್ಕರ್ ಅಂಟಿಸಿದರೆ ಆಯಿತು ಎಂದು ಇಗರ್ಜಿಯ ಕಮಿಟಿ ತೀರ್ಮಾನಿಸಿತ್ತು. ಟೀಚರ್ ಎದ್ದು ನಿಂತು, ‘ನಾನು ಸರಿ ಮಾಡಿ ಕೊಡ್ತೇನೆ’ ಅಂದರಂತೆ. ಕಮಿಟಿಯ ವಾಲ್ಟರ್ ನಕ್ಕು, ‘ಟೀಚರ್, ಚಾ ಕುಡಿಯುವಾಗಲೇ ನಿಮ್ಮ ಕೈಯಿಂದ ಅರ್ಧ ಚೆಲ್ತದೆ’ ಅಂದಿದ್ದರು. ಅದು ಸುಳ್ಳಲ್ಲ. ಅವರ ಎರಡೂ ಕೈಗಳು ನಡುಗುತ್ತಿದ್ದವು.

“ದೊಡ್ಡದು ತಕ್ಕೊಳ್ಳಿ ಟೀಚರ್, ಒಳ್ಳೆ ಪವರ್ ಉಂಟು,” ಅಂದ ಅಂಗಡಿಯವನು.

“ಮೊದಲು ಎರಡನ್ನೂ ಓಡಿಸಿ ತೋರ್ಸಿ ಮಾರಾಯ್ರೇ.”

ದೊಡ್ಡವನು ಗುಡುಗಿದ. ಟೀಚರ್ ಅವನ ಹಲಗೆಯ ಮೇಲೆ ಅಂಗೈ ಇಟ್ಟು ತಕ್ಷಣ ತೆಗೆದರು. ಆಮೇಲೆ ನನ್ನ ಮೇಲೆ ಇಟ್ಟರು. ಉರುಳೆಗೆ ನೀರು ಸರಿಯಾಗಿ ಸಿಗುತ್ತದೋ ನೋಡಿದರು. ಸವೆದ ಮೇಲೆ ಬೇರೆ ಉರುಳೆ ಸಿಗುತ್ತದೋ ಕೇಳಿದರು. ಮಣಿಕಟ್ಟು ಊರಲು ಹಲಗೆಯಲ್ಲಿ ಜಾಗ ಇದೆಯೋ ಎಂದು ಊರಿ ಕೂತೇ ನೋಡಿದರು.

“ಇದೇ ಇರ್ಲಿ,” ಅಂದರು. “ನನ್ನ ಕೈ ನಡುಗ್ತದೆ. ಮೆಷಿನೂ ನಡುಗಿದ್ರೆ ಇಬ್ರೂ ಸೇರಿ ಗಾಜು ಪುಡಿ ಮಾಡ್ತೇವೆ ಅಷ್ಟೆ.”

ಆ ದಿನ ಮೈಮುನಾಳ ಮಡಿಲಲ್ಲಿ ಕೂತು ಬಸ್ಸಿನಲ್ಲಿ ಹೋಗುವಾಗ ನನಗೆ ಭೂಮಿಯ ಮೇಲೆ ಜಾಗ ಸಾಲದು ಅನ್ನಿಸಿತ್ತು.

ಕೆಲಸ ಸಾಗಿತು. ನೀಲಿ, ಹಸಿರು ಗಾಜು ಹೊಸತು ಸಿಕ್ಕಿತು. ಆದರೆ ಪೇತ್ರನ ಮೇಲಂಗಿಯ ಆ ಕಡುಗೆಂಪು ಎಲ್ಲೂ ಸಿಗಲಿಲ್ಲ. ಒಡೆದುಹೋದುದರಲ್ಲಿ ಅಂಗೈಯಗಲದ ಒಂದೇ ಚೂರು ಉಳಿದಿತ್ತು. ಅದಕ್ಕೆ ಒಳಕ್ಕೆ ಬಾಗಿದ ಅಂಚು ಬೇಕು. ಕತ್ತರಿಸಲು ಹೋದರೆ ಬಿರುಕು ಬಿಟ್ಟೀತು. ನನ್ನಿಂದಲೇ ಸವೆಸಬೇಕು.

“ನೀನು ಮಾಡು ಮೈಮುನಾ,” ಅಂದರು ಟೀಚರ್.

“ಬೇಡ ಟೀಚರ್. ಆ ಗೆರೆ ನಿಮ್ಮ ಕಣ್ಣಿಗೆ ಗೊತ್ತು, ನನಗೆ ಗೊತ್ತಿಲ್ಲ. ನಾನು ನೀರು ಹಾಕ್ತೇನೆ.”

ಟೀಚರ್ ಕನ್ನಡಕ ಏರಿಸಿ ಎರಡೂ ಮಣಿಕಟ್ಟುಗಳನ್ನು ನನ್ನ ಮೇಲೆ ಒತ್ತಿ ಊರಿದರು. ಆ ನಡುಕ ನನ್ನ ಮೈಯೊಳಗೆ ಇಳಿದದ್ದು ನನಗೆ ತಿಳಿಯಿತು. ನಾನು ಗಟ್ಟಿಯಾಗಿ ನಿಂತೆ. ಗಾಜು ತಾಗಿತು, ಸರಿಯಿತು, ಮತ್ತೆ ತಾಗಿತು. ಮಧ್ಯಾಹ್ನದ ಊಟ ತಣ್ಣಗಾಯಿತು. ಸಂಜೆ ಹೊತ್ತಿಗೆ ಆ ಚೂರನ್ನು ಗಾಜುಗಳನ್ನು ಹಿಡಿದಿಡುವ ಸೀಸದ ಪಟ್ಟಿಯ ಸೀಳಿಗೆ ಇಳಿಸಿದರು. ಸದ್ದಿಲ್ಲದೆ ಕೂತುಕೊಂಡಿತು. ಆಮೇಲೆ ಮೈಮುನಾ ಜೋರಾಗಿ ಅತ್ತುಬಿಟ್ಟಳು.

ಕಿಟಕಿ ಕೂರಿಸಿದ ಮೇಲೆ ಇಗರ್ಜಿಯ ಹಬ್ಬದ ಪೂಜೆಯಂದು ನಾನಿರಲಿಲ್ಲ. ಮೈಮುನಾ ಬಂದು ಹೇಳಿದ್ದು ಕೇಳಿದ್ದೇನೆ. ವಾಲ್ಟರ್ ಕಿಟಕಿಯ ಕೆಳಗೆ ನಿಂತು, ರಿಪೇರಿ ಮಾಡಿದ್ದು ಎಲ್ಲಿ ಎಂದು ಹುಡುಕಿ ಹುಡುಕಿ ಕತ್ತು ನೋಯಿಸಿಕೊಂಡರಂತೆ. ಟೀಚರ್ ಮಾತ್ರ ತೋರಿಸಲೇ ಇಲ್ಲವಂತೆ.

ಕೆಲವು ವರ್ಷಗಳಲ್ಲಿ ಟೀಚರ ಕೈ ಪೂರ್ತಿ ಸೋತಿತು. ನನ್ನನ್ನು ಒರೆಸಿ, ಹೊಸ ಸ್ಪಂಜು ಹಾಕಿ ಮೈಮುನಾಳಿಗೆ ಕೊಟ್ಟರು. ಉಳ್ಳಾಲದ ಅವಳ ಮನೆಯಲ್ಲಿ ಹೊಲಿಗೆ ಮೆಷಿನ್ನು ಒಂದು ಮೂಲೆಗೆ ಸರಿದು ನನಗೆ ಕಿಟಕಿಯ ಬಳಿ ಜಾಗ ಬಂತು. ದೀಪದ ಶೇಡುಗಳು, ಬಾಗಿಲಿನ ಮೇಲಿನ ಕಮಾನುಗಳು, ಹೋಟೆಲೊಂದರ ಇಡೀ ಗೋಡೆ, ಏನೆಲ್ಲ ಮಾಡಿದೆವು! ನೆರೆಹೊರೆಯ ಹೆಂಗಸರು ಕಲಿಯಲು ಬಂದರು. ಹೆಚ್ಚಿನವರು ನನ್ನ ಮೇಲೆಯೇ ಕೈ ತಿದ್ದಿಕೊಂಡರು.

ಈಗ ದೊಡ್ಡ ಮೆಷಿನುಗಳು ಬಂದಿವೆ. ನನ್ನ ಮೋಟಾರು ಸುಟ್ಟಿದೆ. ಕಪಾಟಿನ ಕೆಳಗಿನ ಖಾನೆಯಲ್ಲಿ ಕೂತು ಹೆಂಗಸರ ಪಾದಗಳನ್ನೂ ಗಾಜಿನಿಂದ ಇಳಿದು ನೆಲದ ಮೇಲೆ ಓಡಾಡುವ ಬಣ್ಣಗಳನ್ನೂ ನೋಡುತ್ತೇನೆ. ನಾನು ಬೆಳಕು ಕೊಟ್ಟವನಲ್ಲ, ಬಣ್ಣ ಕೊಟ್ಟವನೂ ಅಲ್ಲ. ಒಂದು ಗಾಜು ಇನ್ನೊಂದರ ಪಕ್ಕ ಕೂರುವಂತೆ ಮಾಡಿದೆ, ಅಷ್ಟೆ. ಅಷ್ಟಕ್ಕೇ ನನಗೆ ಇಷ್ಟು ಹೆಮ್ಮೆ.

ನನ್ನ ಕೊನೆಯ ಕೆಲಸ ಮಕ್ಕಳ ಆಸ್ಪತ್ರೆಯೊಂದರ ಕಿಟಕಿಯ ಮೀನಿಗೆ ಕಣ್ಣು. ಬಟಾಣಿಯಷ್ಟು ಹಳದಿ ಗಾಜು, ಪೂರ್ತಿ ದುಂಡಗಾಗಬೇಕಿತ್ತು. ಆಗಲೇ ನನ್ನೊಳಗಿಂದ ಸುಟ್ಟ ವಾಸನೆ ಬರುತ್ತಿತ್ತು. ನನ್ನನ್ನು ನಿಲ್ಲಿಸಲು ಮೈಮುನಾ ಸ್ವಿಚ್ಚಿಗೆ ಕೈ ಹಾಕಿದಳು. ನಾನು ಇನ್ನೊಂದು ಸುತ್ತು ತಿರುಗಿದೆ. ಕಣ್ಣು ದುಂಡಗಾಗಿತ್ತು.