ಭಟ್ಟಿ ಕಡೆಯ ಬಾಗಿಲು

ಒಂದು ಹತ್ತು ನಿಮಿಷ ಕೂತು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೇ ಎದ್ದು ಹೋಗಿ ‘ಆಯಮ್ಮನಿಗೆ ತಲೆ ಕೆಟ್ಟಿತ್ತು’ ಅಂತ ಷರಾ ಬರೆಯಬೇಡಿ. ಹಾಗೆ ಬರೆದವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ, ಆಯಮ್ಮನ ಸ್ವಂತ ತಂಗಿಯೂ ಸೇರಿ.

ಎಲ್ಲರೂ ಅವಳನ್ನು ಕರೆಯುವುದು ಏಣಿ ಮೇಡಂ ಅಂತ. ಹೆಂಗಸರನ್ನು ಮೇಲಿನ ಹುದ್ದೆಗೆ ಹತ್ತಿಸುವುದೇ ಅವಳ ವ್ಯಾಪಾರ. ಹೌದು, ವ್ಯಾಪಾರವೇ; ಸಮಾಜಸೇವೆ ಅಂದರೆ ಸಿಡುಕುತ್ತಾಳೆ. ಇಪ್ಪತ್ತು ವರ್ಷದ ಹಿಂದೆ ಒಂದು ವಿಮಾ ಕಚೇರಿಯಲ್ಲಿ ಮೂವರು ಗಂಡಸರಿಗೆ ಕೆಲಸ ಕಲಿಸಿದಳು. ಮೂವರೂ ಒಬ್ಬರಾದ ಮೇಲೆ ಒಬ್ಬರು ಅವಳಿಗೇ ಮೇಲಧಿಕಾರಿಗಳಾದರು. ನಾಲ್ಕನೆಯವನು ಪೆನ್ನು ಹಿಡಿದು ಎದುರು ಕೂತ ದಿನ ರಾಜೀನಾಮೆ ಎಸೆದು ಬಂದು, ಹೊಲಿಗೆ ಅಂಗಡಿಯ ಮೇಲೊಂದು ಕೋಣೆ ಹಿಡಿದಳು. ಈಗ ಎಂಟು ಜನ ಅವಳ ಹತ್ತಿರ ಕೆಲಸಕ್ಕಿದ್ದಾರೆ. ಫೋನು, ಪತ್ರ, ಜಗಳ ಎಲ್ಲ ನೋಡಿಕೊಳ್ಳುವವಳು ತಂಗಿ. ಕಂಪನಿಗಳು ಕರೆಯುತ್ತವೆ, ಇವಳು ಹೋಗಿ ಹನ್ನೆರಡು ವಾರ ಪಾಠ ಮಾಡುತ್ತಾಳೆ: ಸಭೆಯಲ್ಲಿ ಹೇಗೆ ಮಾತಾಡಬೇಕು, ಮಧ್ಯೆ ಬಾಯಿ ಹಾಕಿದವನನ್ನು ಹೇಗೆ ಸುಮ್ಮನಾಗಿಸಬೇಕು, ‘ನನ್ನಿಂದ ಆಗುತ್ತೆ’ ಅಂತ ತಲೆ ತಗ್ಗಿಸದೆ ಹೇಗೆ ಹೇಳಬೇಕು.

ಈ ಸಲ ಕರೆದದ್ದು ಗಾಜಿನ ಬಾಟಲಿ ಮಾಡುವ ಕಾರ್ಖಾನೆ. ತಪಾಸಣೆಯ ಸಾಲಿನಲ್ಲಿ ಇನ್ನೂರು ಹೆಂಗಸರು. ಶಿಫ್ಟ್ ಹೆಡ್‌ಗಳು ಆರು ಜನ, ಆರೂ ಗಂಡಸರು. ಅವರಲ್ಲೊಬ್ಬ ನಿವೃತ್ತನಾಗುತ್ತಿದ್ದ. ಆ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿದ್ದವಳು ಕಿವಿಯಕ್ಕ. ಎರಡು ಬಾಟಲಿ ಟಿಂಗ್ ಅಂತ ತಾಗಿಸಿದರೆ ಸಾಕು, ಕಣ್ಣಿಗೆ ಕಾಣದ ಬಿರುಕು ಯಾವುದರಲ್ಲಿದೆ ಅಂತ ಸದ್ದಿನಲ್ಲೇ ಹೇಳುತ್ತಿದ್ದಳು. ಅದಕ್ಕೇ ಆ ಹೆಸರು. ಹದಿನೆಂಟು ವರ್ಷದ ಅನುಭವ. ವಯಸ್ಸು ನಲವತ್ತನಾಲ್ಕು. ನಲವತ್ತೈದು ದಾಟಿದವರನ್ನು ಆ ಹುದ್ದೆಗೆ ಪರಿಗಣಿಸುವುದಿಲ್ಲ. ಅಂದರೆ ಈ ಸಲ ತಪ್ಪಿದರೆ ಅಲ್ಲಿಗೆ ಮುಗಿಯಿತು.

ಹನ್ನೊಂದನೆಯ ವಾರ ಬಂದರೂ ಕಿವಿಯಕ್ಕ ಅರ್ಜಿ ಹಾಕಿರಲಿಲ್ಲ. ಶುಕ್ರವಾರ ಕೊನೆ ದಿನ.

“ಯಾಕಕ್ಕಾ, ಭಯಾನಾ?” ಅಂತ ಮೇಡಂ ತರಗತಿಯಲ್ಲೇ ಕೇಳಿದಳು.

“ಭಯ ಅಲ್ಲ ಮೇಡಂ. ಹೇಳಿದ್ರೆ ನಗ್ತೀರಿ.”

“ನಕ್ರೆ ಒಂದು ಏಟು ಹಾಕಿ.”

“ಹಾಕೇಬಿಡ್ತಾಳೆ ಮೇಡಂ, ಹುಷಾರು!” ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

“ಶಿಫ್ಟ್ ಹೆಡ್ ಆಗ್ಬೇಕಂದ್ರೆ ಆರು ತಿಂಗಳು ಭಟ್ಟಿ ಕಡೆ ಕೆಲಸ ಮಾಡಿರ್ಬೇಕು, ಗಾಜು ಕರಗಿಸ್ತಾರಲ್ಲ ಅಲ್ಲಿ. ಆ ಕಡೆ ಹೆಂಗಸ್ರಿಗೆ ಟಾಯ್ಲೆಟ್ ಇಲ್ಲ. ಶಿಫ್ಟ್ ಶುರುವಾದ್ಮೇಲೆ ನಡುವಿನ ಕಬ್ಬಿಣದ ಗೇಟು ಹಾಕಿದ್ರೆ ಎಂಟು ಗಂಟೆ ತೆಗೆಯಲ್ಲ. ಅದಕ್ಕೇ ನಮ್ಮನ್ನ ಆ ಕಡೆ ಹಾಕೋದೇ ಇಲ್ಲ. ನೀವು ಧೈರ್ಯ ಧೈರ್ಯ ಅಂತೀರಿ. ಧೈರ್ಯ ಇಟ್ಕೊಂಡು ಏನ್ಮಾಡ್ಲಿ, ಎಂಟು ಗಂಟೆ ತಡ್ಕೊಳ್ಲಾ?”

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. ಹನ್ನೊಂದು ವಾರ! ಹನ್ನೊಂದು ವಾರ ಇವರಿಗೆ ದನಿ ಎತ್ತುವುದನ್ನು ಕಲಿಸಿದ್ದಳು, ಬೆನ್ನು ನೆಟ್ಟಗೆ ಮಾಡಿಸಿದ್ದಳು. ಒಂದು ಸಲವಾದರೂ ಆ ಗೇಟಿನ ಆಚೆ ಇಣುಕಿರಲಿಲ್ಲ. ಇವರಲ್ಲಿ ಕೊರತೆಯೇ ಇರಲಿಲ್ಲ. ಚಿಲಕವಿರುವ ಒಂದು ಬಾಗಿಲು ಇರಲಿಲ್ಲ, ಅಷ್ಟೇ. ನಾಚಿಕೆಯಿಂದ ಮುಖ ಬಿಸಿಯಾಯಿತು. ಚಾಕ್‌ಪೀಸು ಅಲ್ಲೇ ಇಟ್ಟು ನೇರ ಮ್ಯಾನೇಜರ್ ಕೋಣೆಗೆ ನಡೆದಳು.

ಮ್ಯಾನೇಜರ್ ಅರಳಿದ ಮುಖದಲ್ಲಿ ಬರಮಾಡಿಕೊಂಡ. “ಬನ್ನಿ ಬನ್ನಿ ಮೇಡಂ. ನಿಮ್ಮ ವರದಿ ನಾವೇ ಟೈಪ್ ಮಾಡ್ಸಿಟ್ಟಿದೀವಿ. ನಿಮಗ್ಯಾಕೆ ತೊಂದ್ರೆ?”

ಓದಿದಳು. ‘ಮಹಿಳಾ ನೌಕರರಲ್ಲಿ ಆತ್ಮವಿಶ್ವಾಸದ ಕೊರತೆ ಇದೆ. ಇನ್ನೂ ಒಂದು ವರ್ಷದ ತರಬೇತಿ ಅಗತ್ಯ.’ ಕೆಳಗೆ ಅವಳ ಸಹಿಗೆ ಜಾಗ.

“ಭಟ್ಟಿ ಕಡೆ ಟಾಯ್ಲೆಟ್ ಇಲ್ವಂತೆ?”

“ಅಯ್ಯೋ, ಅದೆಲ್ಲ ವರದೀಲಿ ಬರೆಯೋ ವಿಷಯಾನಾ? ಮುಂದಿನ ವರ್ಷ ನೋಡೋಣ.” ಅವನು ಕುರ್ಚಿ ಮುಂದಕ್ಕೆಳೆದುಕೊಂಡು ದನಿ ತಗ್ಗಿಸಿದ. “ಸಹಿ ಹಾಕಿ ಮೇಡಂ. ನಮ್ಮವು ಇನ್ನೂ ಆರು ಕಾರ್ಖಾನೆ ಇವೆ, ಮುನ್ನೂರು ಹೆಂಗಸ್ರನ್ನ ಆರಿಸಿದೀವಿ. ಅಷ್ಟೂ ತರಬೇತಿ ನಿಮಗೇ. ಆ ಬಾಟ್ಲಿ ಬಾರಿಸೋ ಅಮ್ಮನಿಗೆ ಅಸಿಸ್ಟೆಂಟ್ ಅಂತ ಏನೋ ಒಂದು ಪಟ್ಟ ಕಟ್ಟೋಣ. ಎಲ್ರಿಗೂ ಖುಷಿ.”

ವರದಿ ಹಿಡಿದು ಕಚೇರಿಗೆ ಬಂದ ಅಕ್ಕ ಹೇಳಿದ್ದನ್ನೆಲ್ಲ ತಂಗಿ ಕೇಳಿಸಿಕೊಂಡಳು. “ಸಹಿ ಹಾಕು ಅಕ್ಕಾ. ಒಳಗಿದ್ದುಕೊಂಡೇ ನಿಧಾನಕ್ಕೆ ಆ ಟಾಯ್ಲೆಟ್ ಕಟ್ಟಿಸು.”

“ಇಲ್ಲದ ಕಾಯಿಲೆಗೆ ಔಷಧಿ ಮಾರೋದಾ? ಅವರಿಗೆ ಆತ್ಮವಿಶ್ವಾಸ ಇಲ್ಲ ಅಂತ ನಾನೇ ಬರೆದುಕೊಟ್ರೆ, ಆ ಕಾಗದ ತೋರಿಸಿ ಇನ್ನೂ ಇಪ್ಪತ್ತು ವರ್ಷ ಕೂರಿಸ್ತಾರೆ ಕಣೇ.”

“ನಮ್ಮ ಎಂಟು ಜನರಲ್ಲಿ ಏಳು ಜನ ಹೆಂಗಸ್ರೇ. ಅವರು ಮೇಲೆ ಹೋಗೋದು ಬೇಡ್ವಾ? ಊರಿನವರಿಗೆಲ್ಲ ಏಣಿ, ನಮ್ಮನೆಯವರಿಗೆ ಮಾತ್ರ ಜಾರುಬಂಡೆ!”

ಮಾತು ಚುಚ್ಚಿತು. ಆದರೂ, ತಾನು ಸಹಿ ಹಾಕಿದರೂ ಬಿಟ್ಟರೂ ಅದರ ಬಿಸಿ ತಟ್ಟುವುದು ಕಿವಿಯಕ್ಕನಿಗೆ. ಅವಳನ್ನು ಕೇಳದೆ ಹೆಜ್ಜೆ ಇಡುವುದು ಹೇಗೆ? ಮರುದಿನ ಶಿಫ್ಟ್ ಬಿಡುವ ಹೊತ್ತಿಗೆ ಕಾರ್ಖಾನೆ ಗೇಟಿನಲ್ಲಿ ನಿಂತು ಕಿವಿಯಕ್ಕನಿಗೆ ಎಲ್ಲ ಬಿಡಿಸಿ ಹೇಳಿದಳು. ಸಹಿ ಹಾಕಿದರೆ ಅಸಿಸ್ಟೆಂಟ್ ಪಟ್ಟ ಖಂಡಿತ. ಹಾಕದಿದ್ದರೆ ಏನೂ ಸಿಗದೆ ಹೋಗಬಹುದು.

ಕಿವಿಯಕ್ಕ ಗಾಜು ಕೊಯ್ಯದ ಹಾಗೆ ಬೆರಳಿಗೆ ಸುತ್ತಿದ್ದ ಬಟ್ಟೆ ಪಟ್ಟಿ ಬಿಚ್ಚುತ್ತಾ ಕೇಳಿದಳು. “ಅಸಿಸ್ಟೆಂಟ್ ಅಂದ್ರೆ ಏನ್ಮಾಡೋದು ಮೇಡಂ?”

“ಶಿಫ್ಟ್ ಹೆಡ್ ಹಿಂದೆ ಅವನ ಡೈರಿ ಹಿಡ್ಕೊಂಡು ಓಡಾಡೋದು.”

“ಮುಂದಿನ ಶಿಫ್ಟ್ ಹೆಡ್ಡು ಆಗ್ತಾನೆ ಅಂತ ಎಲ್ರೂ ಹೇಳ್ತಿರೋದು ಯಾರನ್ನ ಗೊತ್ತಾ? ನಾನೇ ಕೆಲಸ ಕಲಿಸಿದೋನು. ಒಡೆದ ಬಾಟ್ಲಿಗೂ ಒಡೆಯದ ಬಾಟ್ಲಿಗೂ ವ್ಯತ್ಯಾಸ ಗೊತ್ತಿರ್ಲಿಲ್ಲ ಅವನಿಗೆ. ಅವನ ಡೈರಿ ನಾನು ಹಿಡೀಲಾ?” ಬಟ್ಟೆ ಪಟ್ಟಿಯನ್ನು ಚೀಲಕ್ಕೆ ತುರುಕಿದಳು. “ಅರ್ಜಿ ಫಾರಂ ಕೊಡಿ. ನೀವು ಇದ್ದದ್ದು ಇದ್ದ ಹಾಗೆ ಬರೀರಿ. ಆಗಿದ್ದಾಗ್ಲಿ.”

ಶುಕ್ರವಾರ ನಿರ್ದೇಶಕರ ಸಭೆ. ಮೂವರು ನಿರ್ದೇಶಕರು, ಪಕ್ಕದಲ್ಲಿ ಮ್ಯಾನೇಜರ್. ಮೇಡಂ ಟೈಪ್ ಮಾಡಿದ ಹಾಳೆ ಮಡಚಿ ಅವನ ಮುಂದಿಟ್ಟು, ತಾನು ಕೈಯಲ್ಲಿ ಬರೆದು ತಂದದ್ದನ್ನು ಓದಿದಳು. ಮೂರೇ ವಾಕ್ಯ. “ಇಲ್ಲಿನ ಹೆಂಗಸರಿಗೆ ನನ್ನ ತರಬೇತಿ ಬೇಕಿಲ್ಲ. ಭಟ್ಟಿ ಕಡೆ ಅವರಿಗೊಂದು ಟಾಯ್ಲೆಟ್ ಬೇಕು. ಅದಿಲ್ಲದ ಕಾರಣಕ್ಕೆ ಈ ಕಾರ್ಖಾನೆಯಲ್ಲಿ ಇವತ್ತಿನವರೆಗೆ ಒಬ್ಬಳೂ ಶಿಫ್ಟ್ ಹೆಡ್ ಆಗಿಲ್ಲ.”

ಮ್ಯಾನೇಜರ್ ಮುಖ ಕೆಂಪಾಯಿತು. “ಮೇಡಂ, ಇದು ಗೌರವಸ್ಥರ ಸಭೆ.”

“ಗೌರವಸ್ಥರೇ ಕೇಳಿ. ನೀವು ನಾಲ್ಕೂ ಜನ ಎಂಟು ಗಂಟೆ ಈ ಕೋಣೇಲೇ ಕೂತಿರಿ. ಬಾಗಿಲಿಗೆ ಬೀಗ ನಾನು ಹಾಕ್ತೀನಿ. ಸಂಜೆ ಬಂದು ತೆಗೆದು, ಯಾರಲ್ಲಿ ಎಷ್ಟು ಆತ್ಮವಿಶ್ವಾಸ ಉಳಿದಿದೆ ಅಂತ ಬರೆದು ಸಹಿ ಹಾಕಿ ಕೊಡ್ತೀನಿ.”

ಮೂವರಲ್ಲಿ ಹಿರಿಯರಿಗೆ ನಗು ತಡೆಯಲಾಗಲಿಲ್ಲ. ಉಳಿದಿಬ್ಬರು ನಗಲಿಲ್ಲ.

ಏನಾಯಿತು ಅಂತೀರಾ? ಆ ಹಿರಿಯ ನಿರ್ದೇಶಕರ ಹಟಕ್ಕೆ ಮೂರೇ ವಾರದಲ್ಲಿ ಭಟ್ಟಿ ಕಡೆ ಟಾಯ್ಲೆಟ್ ಎದ್ದಿತು. ಆದರೆ ಆರು ತಿಂಗಳು ಭಟ್ಟಿ ಕಡೆ ದುಡಿದಿರಬೇಕೆಂಬ ನಿಯಮ ನಿಯಮವೇ ಅಂತ ಶಿಫ್ಟ್ ಹೆಡ್ ಹುದ್ದೆ ಕಿವಿಯಕ್ಕ ಕಲಿಸಿದ ಆ ಹುಡುಗನಿಗೇ ಹೋಯಿತು. ಅಸಿಸ್ಟೆಂಟ್ ಪಟ್ಟವೂ ಇಲ್ಲ. ಭಟ್ಟಿ ಕಡೆ ಹೋಗಲು ನಾಲ್ವರು ಹೆಂಗಸರು ಹೆಸರು ಕೊಟ್ಟರು, ಮೂವರು ಮೂವತ್ತರ ಒಳಗಿನವರು. ನಾಲ್ಕನೆಯವಳು ಕಿವಿಯಕ್ಕ.

“ನಿಂಗ್ಯಾಕಮ್ಮ, ಆರು ತಿಂಗಳು ಮುಗಿಯೋ ಹೊತ್ತಿಗೆ ವಯಸ್ಸು ದಾಟಿರುತ್ತಲ್ಲ,” ಅಂದ ಮ್ಯಾನೇಜರ್.

“ದಾಟ್ಲಿ ಬಿಡಿ ಸರ್. ಆ ವಯಸ್ಸಿನ ನಿಯಮ ಬರೆದೋರು ಯಾರು ಅಂತ ಆಮೇಲೆ ಕೇಳ್ಕೊಂಡು ಬರ್ತೀನಿ,” ಅಂದು ಅವಳು ಗೇಟು ದಾಟಿದಳು.

ಆರು ಕಾರ್ಖಾನೆಗಳ ಕೆಲಸ ಬೇರೆ ಯಾವನಿಗೋ ಸಿಕ್ಕಿತು. ಮುನ್ನೂರು ಹೆಂಗಸರಿಗೆ ಆತ್ಮವಿಶ್ವಾಸ ಕಲಿಸುತ್ತಿದ್ದಾನಂತೆ. ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಎಂಟು ಜನ ಐದಾದರು. ತಂಗಿ ಈಗಲೂ ಅಕ್ಕನ ಮುಖ ನೋಡದೆ ಕಡತ ಮೇಜಿಗೆ ಕುಕ್ಕುತ್ತಾಳೆ. “ಮುನ್ನೂರು ಜನ ಅಕ್ಕಾ. ಒಂದು ಸಹಿ.”

“ಅದಕ್ಕೇ ಹಾಕ್ಲಿಲ್ಲ,” ಅನ್ನುತ್ತಾಳೆ ಮೇಡಂ, ತಲೆ ಎತ್ತಿಯೇ.

ಈಗ ನೀವು ಹೇಳಿ. ಪೆನ್ನು ನಿಮ್ಮ ಕೈಯಲ್ಲಿದ್ದಿದ್ದರೆ, ನೀವೇನು ಮಾಡುತ್ತಿದ್ದಿರಿ?