ಗುಂಡಗಿನ ಚೌಕ

ನನಗೆ ಸಿಟ್ಟು ಬೇಗ ಬರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೆಸರು ಶಿವಗಂಗಾ, ಅಫಜಲಪುರದ ನಮ್ಮ ಓಣಿಯ ಅಂಗನವಾಡಿಯಲ್ಲಿ ಹದಿನೆಂಟು ವರ್ಷದಿಂದ ಟೀಚರ್. ಆ ಸೋಮವಾರ ನನ್ನ ತಲೆ ಕೆಡಿಸಿದ್ದು ಒಂದೇ ಒಂದು ಶಬ್ದ: ಚೌಕ.

ಈ ವರ್ಷ ಕೆಲವು ಅಂಗನವಾಡಿಗಳಿಗೆ ಎಲ್‌ಕೆಜಿ ಕೊಡುತ್ತಾರೆಂದು ಸುದ್ದಿಯಾಗಿತ್ತು. ನಮಗೆ ಸಿಕ್ಕರೆ ನನ್ನ ಹತ್ತೊಂಬತ್ತು ಮಕ್ಕಳು ನನ್ನ ಹತ್ತಿರವೇ ಉಳಿಯುತ್ತವೆ. ಸಿಗದಿದ್ದರೆ ಜೂನ್ ತಿಂಗಳಲ್ಲಿ ಕಾನ್ವೆಂಟಿನ ಹಳದಿ ವ್ಯಾನು ಬಂದು ಒಂದೊಂದನ್ನೇ ಹೊತ್ತುಕೊಂಡು ಹೋಗುತ್ತದೆ. ಅಟೋ ಓಡಿಸುವ ಸೂರ್ಯಕಾಂತ ಮುಚ್ಚುಮರೆ ಇಲ್ಲದೆ ಹೇಳಿದ್ದ: "ಎಲ್‌ಕೆಜಿ ಬಂದ್ರ ಮೈತ್ರಿ ನಿಮ್ಮ ಹಂತೇಕ ಇರ್ತಾಳ್ರಿ ಟೀಚರ್. ಇಲ್ಲಂದ್ರ ವ್ಯಾನ್ ಹತ್ತಸ್ತೇನಿ." ಮೈತ್ರಿ ಅವನ ಮಗಳು. ನಾಲ್ಕೂವರೆ ವರ್ಷದ ಪೋರಿ, ನನ್ನ ಸೆರಗು ಹಿಡಿದುಕೊಂಡೇ ಮಾತು ಕಲಿತವಳು. ಅವಳು ಹೋದರೆ ನನ್ನ ಅರ್ಧ ಜೀವ ಹೋದಂತೆ. ಆ ವ್ಯಾನು ಕಂಡರೆ ನನಗೆ ಮೈಯೆಲ್ಲ ಉರಿ.

ಶಿಫಾರಸು ಮಾಡಬೇಕಾದವರು ಸೂಪರ್‌ವೈಸರ್ ಶಾಂಭವಿ ಮೇಡಂ. ಯಡ್ರಾಮಿ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ನಗುವುದನ್ನು ಅಲ್ಲೇ ಬಿಟ್ಟು ಬಂದಿದ್ದರು. ಆ ಸೋಮವಾರ ಬಂದು ಕುರ್ಚಿಯ ಮೇಲೆ ಕುಳಿತು, ಆಕಾರಗಳ ಪರೀಕ್ಷೆ ಸುರು ಮಾಡಿದರು. ಮೂರು ವಾರ ಚಾರ್ಟು ಹಿಡಿದು ಗಂಟಲು ಹರಿದುಕೊಂಡಿದ್ದೆನಲ್ಲ, ವೃತ್ತ, ತ್ರಿಕೋನ ಎರಡೂ ಸಲೀಸಾಗಿ ದಾಟಿದವು.

"ಚೌಕ ಹ್ಯಾಂಗ ಇರ್ತದ?" ಎಂದರು ಮೇಡಂ.

"ಗುಂಡಗ್ರೀ!" ಎಂದವು ಹತ್ತೊಂಬತ್ತೂ ಒಂದೇ ಉಸಿರಿಗೆ. ಅಷ್ಟಕ್ಕೇ ಬಿಡಲಿಲ್ಲ. ಎದ್ದು ನಿಂತು, ಪೀಂ ಪೀಂ ಎಂದು ಹಾರ್ನ್ ಹೊಡೆಯುತ್ತ ಮೇಡಂ ಕುರ್ಚಿಯನ್ನೇ ಸುತ್ತತೊಡಗಿದವು.

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ಎಂಟು ದಿನ ಬಿಟ್ಟು ಬರ್ತೇನಿ. ಅಷ್ಟೊತ್ತಿಗೆ ಚೌಕ ಚೌಕ ಆಗಿರ್ಬೇಕು ನೋಡ್ರಿ."

ಅವರು ಹೊಸ್ತಿಲು ದಾಟಿದ್ದೇ ತಡ, ನಾನು ಹರಿಹಾಯ್ದೆ. "ಚೌಕಕ್ಕ ನಾಕು ಮೂಲಿ ಇರ್ತಾವ ಬೇ! ಎಷ್ಟು ಸಲ ಹೇಳ್ಬೇಕು ನಿಮಗ?"

ಮೈತ್ರಿಗೆ ನನ್ನ ಸಿಟ್ಟಿನ ಹೆದರಿಕೆ ಎಂದೂ ಇಲ್ಲ. "ಚೌಕಕ್ಕ ಮೂಲಿ ಎಲ್ಲವ್ರಿ ಟೀಚರ್? ನಮ್ಮಪ್ಪ ದಿನಾ 'ಚೌಕ್, ಚೌಕ್' ಅಂತ ಒದರಿ ಮಂದಿ ಹತ್ತಿಸ್ಕೊಂಡು ಹೋಗ್ತಾನ. ಅಲ್ಲಿ ಅಟೋ ಗುಂಡಗ ತಿರಗ್ತದ!"

ನಮ್ಮ ಓಣಿ ದಾಟಿದರೆ ಸಿಗುವ ನಾಲ್ಕು ರಸ್ತೆಯ ಕೂಡು ಊರವರ ಬಾಯಲ್ಲಿ ಚೌಕ್. ನಡುವೆ ದುಂಡನೆಯ ಕಟ್ಟೆ. ಬಸ್ಸು, ಅಟೋ, ಕಬ್ಬಿನ ಟ್ರ್ಯಾಕ್ಟರು ಎಲ್ಲ ಅದನ್ನೇ ಸುತ್ತಿಕೊಂಡು ಹೋಗುತ್ತವೆ. ಇನ್ನು ಕೆಲವರು ಅದೇ ಜಾಗವನ್ನು ಸರ್ಕಲ್ ಅನ್ನುತ್ತಾರೆ. ಚೌಕವೂ ಅದೇ, ಸರ್ಕಲ್ಲೂ ಅದೇ! ಅಡುಗೆಯ ಮೂಲೆಯಲ್ಲಿ ನಮ್ಮ ಸಹಾಯಕಿ ಅಂಬುಬಾಯಿ ನಕ್ಕ ನಗೆಗೆ ಸೌಟು ಸಾರಿನೊಳಗೆ ಮುಳುಗಿತು.

"ಕೂಸಿಂದು ಏನ್ ತಪ್ಪದ್ರಿ ಟೀಚರ್?" ಎಂದಳು ಕಣ್ಣೊರೆಸಿಕೊಳ್ಳುತ್ತ. "ನೀವೇ ಒಮ್ಮಿ ಹೋಗಿ ನೋಡ್ರಲ್ಲ."

ಮರುದಿನ ಹೋದೆವು. ಮುಂದೆ ನಾನು, ಹಿಂದೆ ಅಂಬುಬಾಯಿ, ನಡುವೆ ಉದ್ದದ ಹಗ್ಗ ಹಿಡಿದ ಹತ್ತೊಂಬತ್ತು ಮಕ್ಕಳು. ಚಹಾದಂಗಡಿಯ ಮೆಟ್ಟಿಲ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿದೆ. ಕಟ್ಟೆ ನಿಜವಾಗಿಯೂ ದುಂಡಗಿತ್ತು. ಮೈತ್ರಿ ಗೆದ್ದವಳ ಹಾಗೆ ನನ್ನ ಕಡೆ ನೋಡಿದಳು.

"ಆತು, ಕಟ್ಟಿ ಗುಂಡಗ ಅದ," ಎಂದೆ ಹಲ್ಲು ಕಚ್ಚಿ. "ಸುತ್ತ ಏನೇನದ ನೋಡ್ರಿ."

"ಈ ಮೂಲಿಗಿ ಚಹಾದಂಗಡಿ," ಎಂದು ಮೈತ್ರಿ ಬೆರಳು ಮಡಚಿದಳು. "ಆ ಮೂಲಿಗಿ ಗುಳಿಗಿ ಅಂಗಡಿ. ಅಲ್ಲಿ ಕಿರಾಣಿ. ಅಲ್ಲಿ ಮೊಬೈಲ್ ಅಂಗಡಿ." ಬೆರಳು ನೋಡಿಕೊಂಡಳು. ಕಟ್ಟೆಯನ್ನು ನೋಡಿದಳು. ಆಮೇಲೆ ಕಿರುಚಿದಳು ನೋಡಿ! "ನಾಕು ಮೂಲಿ! ಟೀಚರ್, ಚೌಕದಾಗ ಗುಂಡಗ ಕುಂತದ್ರೀ!"

ಹದಿನೆಂಟು ವರ್ಷ ಆ ರಸ್ತೆ ದಾಟಿದ ನನಗೆ ಒಂದು ದಿನವೂ ಅದು ಕಂಡಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಚಹಾ ಕುಡಿಯುವ ಗಂಡಸರ ಎದುರಿಗೇ ಅವಳನ್ನೆತ್ತಿ ಗಿರಗಿರನೆ ತಿರುಗಿಸಿದೆ. ಉಳಿದ ಹದಿನೆಂಟೂ "ನನಗ್ರೀ, ನನಗ್ರೀ" ಎಂದು ಕಾಲಿಗೆ ಜೋತುಬಿದ್ದವು. ನನ್ನ ಸೊಂಟಕ್ಕೆ ಮೂರು ದಿನ ನೋವು.

ಚಾರ್ಟು ಸುತ್ತಿ ಕಪಾಟಿನ ಮೇಲೆ ಒಗೆದೆ. ಆ ವಾರವೆಲ್ಲ ನೆಲದ ಮೇಲೆ ಚೌಕ್ ಕಟ್ಟಿದ್ದೇ ಕೆಲಸ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಅಂಗಡಿ ಮಾಡಿದೆವು, ಅವುಗಳಿಗೆ ತ್ರಿಕೋನದ ಚಾವಣಿ. ಬೆಂಕಿಪೆಟ್ಟಿಗೆಯ ಬಸ್ಸಿಗೆ ಅಂಗಿಯ ಗುಂಡಿಯ ಗಾಲಿ. ಊಟದ ತಾಟು ಬೋರಲು ಹಾಕಿ ಅರಿಶಿನ ಬಳಿದರೆ ಕಟ್ಟೆ. ಅಂಬುಬಾಯಿ ಕುದಿಸಿಕೊಟ್ಟ ಮೈದಾ ಅಂಟಿನಲ್ಲಿ ಅರ್ಧ ಕಾಗದಕ್ಕೆ ಹತ್ತಿತು, ಅರ್ಧ ಹೊಟ್ಟೆಗೆ ಹೋಯಿತು. ಬೆಂಡೆಕಾಯಿ ಕತ್ತರಿಸಿ ಬಣ್ಣದಲ್ಲಿ ಅದ್ದಿ ಗೋಡೆ, ಗಲ್ಲ, ನನ್ನ ಸೀರೆ, ಎಲ್ಲೆಂದರಲ್ಲಿ ಒತ್ತಿದವು. ನಾನು ಬೈದೆ. ನನ್ನ ಬೈಗುಳಕ್ಕೂ ಅವು ನಕ್ಕವು.

ಸೋಮವಾರ ಶಾಂಭವಿ ಮೇಡಂ ಬಂದಾಗ ಕುರ್ಚಿ ಇಡಲೂ ಜಾಗವಿರಲಿಲ್ಲ. ಗೋಡೆಯ ಬಣ್ಣ ನೋಡಿ ಹುಬ್ಬು ಗಂಟಿಕ್ಕಿದರು. ಇನ್ನೇನು ಪ್ರಶ್ನೆ ಕೇಳಬೇಕು, ಅಷ್ಟರಲ್ಲಿ ಅವರಿಗೆ ಫೋನು ಬಂತು.

"ಹಾಂ, ಸರ್ಕಲ್‌ದಾಗ ನಿಲ್ಲಸ್ರಿ," ಎಂದರು ಜೀಪಿನ ಡ್ರೈವರಿಗೆ. "ಎಲ್ಲಿ ಅಂದ್ರ? ಇಲ್ಲೇ ಚೌಕದಾಗ್ರೀ!"

ಫೋನ್ ಇಟ್ಟು ನೋಡಿದರೆ ಎದುರಿಗೆ ಮೈತ್ರಿ, ಸೊಂಟದ ಮೇಲೆ ಕೈ. "ಮೇಡಂ, ಚೌಕ ಯಾವುದು, ಸರ್ಕಲ್ ಯಾವುದು? ತೋರಸ್ರಿ."

ನಾನು ಸತ್ತೆ ಅಂದುಕೊಂಡೆ. ಮೇಡಂ ನೆಲದ ಮೇಲಿನ ಊರನ್ನು ನೋಡಿದರು, ಮಗುವನ್ನು ನೋಡಿದರು. ಮೆಲ್ಲಗೆ ಕುಕ್ಕರಗಾಲಲ್ಲಿ ಕುಳಿತು ಹಳದಿ ತಾಟು ಮುಟ್ಟಿದರು. "ಇದು ಸರ್ಕಲ್." ನಾಲ್ಕೂ ಅಂಗಡಿಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದರು. "ಇದು... ಚೌಕ."

"ಶಾಬಾಸ್ ಮೇಡಂ!" ಎಂದು ಹತ್ತೊಂಬತ್ತೂ ಚಪ್ಪಾಳೆ ತಟ್ಟಿದವು. ಸರಿ ಉತ್ತರ ಕೊಟ್ಟವರಿಗೆ ನಮ್ಮಲ್ಲಿ ಹಾಗೇ ತಟ್ಟುವುದು.

ಮೇಡಂ ನಕ್ಕರು. ಎಂಥ ನಗು! ತಡೆದು ತಡೆದು ಒಮ್ಮೆಲೇ ಬಂದ ನಗು, ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಆಮೇಲೆ ಅಲ್ಲೇ ನೆಲದ ಮೇಲೆ ಫಾರ್ಮು ಹರಡಿಕೊಂಡರು. ಕೊನೆಯ ಸಾಲು ನನಗೆ ದೂರದಿಂದಲೇ ಕಾಣುತ್ತಿತ್ತು: ಎಲ್‌ಕೆಜಿಗೆ ಶಿಫಾರಸು. ಮುಂದೆ 'ಹೌದು', 'ಇಲ್ಲ', ಒಂದೊಂದರ ಪಕ್ಕಕ್ಕೆ ಟಿಕ್ ಹಾಕಲು ಒಂದೊಂದು ಪುಟ್ಟ ಮನೆ.

ಮೈತ್ರಿ ಅವರ ಹೆಗಲ ಮೇಲಿಂದ ಬಗ್ಗಿದಳು. "ಇಲ್ಲಿ ಎರಡು ಚೌಕ ಅದಾವ್ರಿ! ಒಳಗ ಗುಂಡಗ ಇಲ್ಲೇ ಇಲ್ಲ. ಹಾಕ್ರಿ ಮೇಡಂ, ಇದರಾಗ ಹಾಕ್ರಿ." ಓದು ಬಾರದ ಪೋರಿ, ನೇರ 'ಇಲ್ಲ' ಎಂಬುದರ ಮನೆಯ ಮೇಲೆ ಬೆರಳಿಟ್ಟಳು.

ಅಂಬುಬಾಯಿ ಸೌಟು ಹಿಡಿದು ಹಾಗೇ ನಿಂತಿದ್ದಳು.

"ಅದರಾಗ ಬ್ಯಾಡವ್ವ," ಎಂದರು ಶಾಂಭವಿ ಮೇಡಂ. ಆ ಪುಟ್ಟ ಬೆರಳನ್ನು ಹಿಡಿದು ಪಕ್ಕಕ್ಕೆ ಸರಿಸಿ, 'ಹೌದು' ಎಂಬುದರ ಮುಂದೆ, ಮನೆಯ ಒಳಗೆ, ಟಿಕ್ ಹಾಕದೆ ದುಂಡಗೆ ಒಂದು ಸೊನ್ನೆ ಬರೆದರು.

ಮೈತ್ರಿ ಬಗ್ಗಿ ಪರೀಕ್ಷೆ ಮಾಡಿದಳು.

"ಈಗ ಚೌಕ ಆತು ನೋಡ್ರಿ," ಎಂದಳು.